ಓದುಗರ ಪ್ರಶ್ನೆ, ವೈದ್ಯರ ಉತ್ತರ: ಹಾರ್ಮೋನು ಎಷ್ಟಿದೆ ಎನ್ನುವ ಮೊದಲು ಯಾವಾಗ ಎಂದು ಕೇಳಿ

ಸಂತಾನೋತ್ಪತ್ತಿಗೆ ಸಂಬಂಧಿಸಿದ ಹಾರ್ಮೋನುಗಳ ಬಗ್ಗೆ ಬಂದ ಪತ್ರಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆಯ್ದುಕೊಂಡಿದ್ದೇನೆ. ಬರೆದವರ ವಯಸ್ಸು ಮತ್ತು ಪರಿಸ್ಥಿತಿ ಬೇರೆಬೇರೆಯಾದರೂ ಹೆಚ್ಚಿನವರ ಆತಂಕ ಒಂದೇ: ವರದಿಯಲ್ಲಿರುವ ಅಂಕಿ ಹೆಚ್ಚಾಯಿತೇ, ಕಡಿಮೆಯಾಯಿತೇ ಎಂಬುದು. ಈ ಹಾರ್ಮೋನುಗಳು ದಿನದಿಂದ ದಿನಕ್ಕೆ, ಕೆಲವು ಗಂಟೆಯಿಂದ ಗಂಟೆಗೆ ಏರಿಳಿಯುತ್ತವೆ. ಆ ಏರಿಳಿತವೇ ಅವುಗಳ ಕೆಲಸ. ಆದ್ದರಿಂದ ಯಾವಾಗ ಅಳೆದದ್ದು ಎಂಬುದನ್ನು ಬಿಟ್ಟು ಎಷ್ಟು ಎಂಬುದನ್ನಷ್ಟೇ ನೋಡಿದರೆ ಆರೋಗ್ಯವಂತರೂ ರೋಗಿಗಳಂತೆ ಕಾಣಬಹುದು. ಮೊದಲ ಪತ್ರವೇ ಇದಕ್ಕೆ ನಿದರ್ಶನ.

ಪ್ರಶ್ನೆ: ನನಗೆ 31 ವರ್ಷ. ಎಂಟು ತಿಂಗಳಿಂದ ಮಗುವಿಗಾಗಿ ಪ್ರಯತ್ನಿಸುತ್ತಿದ್ದೇವೆ. 34–35 ದಿನಗಳಿಗೊಮ್ಮೆ ತಪ್ಪದೆ ಮುಟ್ಟಾಗುತ್ತದೆ. 21ನೇ ದಿನ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಪ್ರೊಜೆಸ್ಟರಾನ್ ತೀರಾ ಕಡಿಮೆ ಬಂದಿದೆ. ಅಂಡ ಬಿಡುಗಡೆಯೇ ಆಗುತ್ತಿಲ್ಲ ಎಂದು ವರದಿ ನೋಡಿದ ಪರಿಚಿತರೊಬ್ಬರು ಹೇಳಿದರು. ನಾನು ಬಂಜೆಯೇ?

ಉತ್ತರ: ಈ ಒಂದು ವರದಿಯಿಂದ ಹಾಗೆ ಹೇಳಲು ಯಾವ ಆಧಾರವೂ ಇಲ್ಲ. ನಿಮ್ಮ ಚಕ್ರ 35 ದಿನಗಳದ್ದು, ಪರೀಕ್ಷೆ ನಡೆದದ್ದು 21ನೇ ದಿನ. ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ವಿಷಯ ತಿಳಿಯಾಗುತ್ತದೆ.

ಮುಟ್ಟಿನ ಮೊದಲ ದಿನವನ್ನು ಚಕ್ರದ ಮೊದಲ ದಿನವೆಂದು ಎಣಿಸುತ್ತೇವೆ. ಆ ಹೊತ್ತಿಗೆ ಮಿದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿ ಎಫ್‌ಎಸ್‌ಎಚ್ ಎಂಬ ಹಾರ್ಮೋನನ್ನು ತುಸು ಹೆಚ್ಚಾಗಿ ಸ್ರವಿಸುತ್ತಿರುತ್ತದೆ. ಅದರ ಪ್ರಚೋದನೆಯಿಂದ ಅಂಡಾಶಯದಲ್ಲಿ ಹಲವು ಕೋಶಕಗಳು, ಅಂದರೆ ಒಂದೊಂದು ಅಂಡಾಣುವನ್ನು ಒಳಗಿಟ್ಟುಕೊಂಡ ಪುಟ್ಟ ದ್ರವಚೀಲಗಳು, ಒಟ್ಟಿಗೆ ಬೆಳೆಯತೊಡಗುತ್ತವೆ. ಬೆಳೆಯುತ್ತಿರುವ ಕೋಶಕಗಳು ಈಸ್ಟ್ರೊಜೆನ್ ಮತ್ತು ಇನ್‌ಹಿಬಿನ್ ಎಂಬ ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತವೆ. ಅವು ಪಿಟ್ಯುಟರಿಯನ್ನು ತಲುಪಿ ಎಫ್‌ಎಸ್‌ಎಚ್ ಸ್ರಾವವನ್ನೇ ತಗ್ಗಿಸುತ್ತವೆ. ಹೀಗೆ ಎಫ್‌ಎಸ್‌ಎಚ್ ಕಡಿಮೆಯಾದಾಗ ಆ ಕೊರತೆಯಲ್ಲೂ ಬೆಳೆಯಬಲ್ಲ ಒಂದು ಕೋಶಕ ಮಾತ್ರ ಉಳಿದು, ಮಿಕ್ಕವು ಕುಗ್ಗಿಹೋಗುತ್ತವೆ. ಸಾಮಾನ್ಯವಾಗಿ ಒಂದು ಚಕ್ರದಲ್ಲಿ ಒಂದೇ ಅಂಡ ಬಿಡುಗಡೆಯಾಗುವುದು ಇದರಿಂದಲೇ. ಪ್ರನಾಳ ಶಿಶು ಚಿಕಿತ್ಸೆಯಲ್ಲಿ ಎಫ್‌ಎಸ್‌ಎಚ್ ಚುಚ್ಚುಮದ್ದು ಕೊಟ್ಟು ಈ ಕೊರತೆ ಬಾರದಂತೆ ನೋಡಿಕೊಳ್ಳುವುದರಿಂದ ಹಲವು ಕೋಶಕಗಳು ಒಟ್ಟಿಗೆ ಮಾಗುತ್ತವೆ.

ಕೋಶಕ ಪೂರ್ತಿ ಮಾಗಿದಾಗ ಪಿಟ್ಯುಟರಿಯಿಂದ ಎಲ್‌ಎಚ್ ಎಂಬ ಇನ್ನೊಂದು ಹಾರ್ಮೋನು ಒಮ್ಮೆಲೇ ಉಕ್ಕುತ್ತದೆ. ಆ ಉಕ್ಕು ಆರಂಭವಾದ ಸುಮಾರು 36 ಗಂಟೆಗಳಲ್ಲಿ ಕೋಶಕ ಒಡೆದು ಅಂಡ ಹೊರಬರುತ್ತದೆ. ಒಡೆದ ಕೋಶಕ ಅಲ್ಲಿಗೆ ವ್ಯರ್ಥವಾಗುವುದಿಲ್ಲ. ಅದು ಕಾರ್ಪಸ್ ಲೂಟಿಯಂ ಎಂಬ ಹಳದಿ ಬಣ್ಣದ ತಾತ್ಕಾಲಿಕ ಗ್ರಂಥಿಯಾಗಿ ಮಾರ್ಪಟ್ಟು ಪ್ರೊಜೆಸ್ಟರಾನ್ ತಯಾರಿಸುತ್ತದೆ, ಗರ್ಭಕೋಶದ ಒಳಪದರವನ್ನು ಭ್ರೂಣ ನೆಲೆಸುವುದಕ್ಕೆ ಸಜ್ಜುಗೊಳಿಸುತ್ತದೆ. ಗರ್ಭ ನಿಲ್ಲದಿದ್ದರೆ ಸುಮಾರು ಎರಡು ವಾರಗಳಲ್ಲಿ ಈ ಗ್ರಂಥಿ ಕುಸಿದು, ಪ್ರೊಜೆಸ್ಟರಾನ್ ಇಳಿದು, ಒಳಪದರ ಕಳಚಿ ಮುಟ್ಟಾಗುತ್ತದೆ. ಗರ್ಭ ನಿಂತರೆ ಭ್ರೂಣದಿಂದ ಬರುವ ಎಚ್‌ಸಿಜಿ ಎಂಬ ಹಾರ್ಮೋನು ಈ ಗ್ರಂಥಿಯನ್ನು ಕುಸಿಯದಂತೆ ಕಾಯುತ್ತದೆ. ಗರ್ಭಪರೀಕ್ಷೆಯ ಪಟ್ಟಿಯಲ್ಲಿ ಗೆರೆ ಮೂಡಿಸುವುದು ಇದೇ ಎಚ್‌ಸಿಜಿ.

ಚಕ್ರದ ಉದ್ದ ಹೆಚ್ಚುಕಡಿಮೆಯಾಗುವುದು ಮುಖ್ಯವಾಗಿ ಅಂಡ ಮಾಗುವ ಮೊದಲ ಭಾಗದಲ್ಲಿ. ಅಂಡ ಬಿಡುಗಡೆಯಾದ ಮೇಲಿನ ಭಾಗ ಹೆಚ್ಚಿನವರಲ್ಲಿ ಎರಡು ವಾರಗಳ ಆಸುಪಾಸಿನಲ್ಲೇ ಇರುತ್ತದೆ. ಹಾಗಾಗಿ 35 ದಿನಗಳ ಚಕ್ರವಿರುವ ನಿಮ್ಮಲ್ಲಿ ಅಂಡ ಬಿಡುಗಡೆಯಾಗುವುದೇ 21ನೇ ದಿನದ ಸುಮಾರಿಗೆ. ಆ ದಿನ ಪ್ರೊಜೆಸ್ಟರಾನ್ ಕಡಿಮೆಯೇ ಇರಬೇಕು. 21ನೇ ದಿನದ ಪರೀಕ್ಷೆ ಎಂಬುದು 28 ದಿನಗಳ ಚಕ್ರಕ್ಕೆ ಮಾಡಿದ ಲೆಕ್ಕ. ನೀವು ಮುಂದಿನ ಮುಟ್ಟಿಗೆ ಒಂದು ವಾರ ಮೊದಲು, ಅಂದರೆ 28ನೇ ದಿನದ ಹೊತ್ತಿಗೆ ಪರೀಕ್ಷೆ ಮಾಡಿಸಿ. ಆಗ ಮಿಲಿಲೀಟರಿಗೆ 3 ನ್ಯಾನೊಗ್ರಾಂ ದಾಟಿದ್ದರೆ ಅಂಡ ಬಿಡುಗಡೆಯಾಗಿದೆ ಎಂದು ತಿಳಿಯಬಹುದು. ಅದಕ್ಕಿಂತ ಎಷ್ಟು ಹೆಚ್ಚಿದೆ ಎಂದು ಅಂಕ ಹಾಕಲು ಹೋಗಬೇಡಿ, ಏಕೆಂದರೆ ಪ್ರೊಜೆಸ್ಟರಾನ್ ಕೆಲವೇ ಗಂಟೆಗಳ ಅಂತರದಲ್ಲಿ ಹಲವು ಪಟ್ಟು ಏರಿಳಿಯಬಲ್ಲದು.

ವೀರ್ಯಾಣುಗಳು ಹೆಣ್ಣಿನ ದೇಹದಲ್ಲಿ ಐದು ದಿನಗಳವರೆಗೆ ಬದುಕಬಲ್ಲವು, ಅಂಡ ಉಳಿಯುವುದು ಒಂದು ದಿನ ಮಾತ್ರ. 28 ದಿನಗಳ ಲೆಕ್ಕವನ್ನು ನಂಬಿ 14ನೇ ದಿನವನ್ನು ಕಾಯುತ್ತಿದ್ದರೆ ನಿಮಗೆ ಅನುಕೂಲವಾದ ದಿನಗಳು ಪ್ರತಿ ಬಾರಿಯೂ ಕೈತಪ್ಪುತ್ತವೆ. ವರ್ಷ ತುಂಬಿದರೂ ಗರ್ಭ ನಿಲ್ಲದಿದ್ದರೆ ದಂಪತಿಗಳಿಬ್ಬರೂ ತಜ್ಞರನ್ನು ಕಾಣಬೇಕು. ಇಬ್ಬರೂ ಎಂದು ಒತ್ತಿ ಹೇಳುತ್ತಿದ್ದೇನೆ: ಗಂಡನ ವೀರ್ಯಪರೀಕ್ಷೆ ಆಗುವ ಮೊದಲೇ ಹೆಂಡತಿಗೆ ಬಂಜೆ ಎಂಬ ಹೆಸರು ಕಟ್ಟುವುದು ವೈದ್ಯಶಾಸ್ತ್ರಕ್ಕೂ ನ್ಯಾಯಕ್ಕೂ ಒಪ್ಪುವ ಮಾತಲ್ಲ. ಆ ಪದವನ್ನು ನಿಮ್ಮ ಬಗ್ಗೆ ನೀವೇ ಬಳಸಿಕೊಳ್ಳಬೇಡಿ.

ಪ್ರಶ್ನೆ: ನಾನು ಜೀವಶಾಸ್ತ್ರದ ವಿದ್ಯಾರ್ಥಿನಿ. ಈಸ್ಟ್ರೊಜೆನ್ ಪಿಟ್ಯುಟರಿಯನ್ನು ತಡೆಯುತ್ತದೆ ಎಂದು ನಮ್ಮ ಪಠ್ಯದ ಒಂದು ಪುಟದಲ್ಲಿದೆ. ಮುಂದಿನ ಪುಟದಲ್ಲಿ ಅದೇ ಈಸ್ಟ್ರೊಜೆನ್ ಎಲ್‌ಎಚ್ ಉಕ್ಕಿಗೆ ಕಾರಣ ಎಂದಿದೆ. ಇದರಲ್ಲಿ ಯಾವುದು ಸರಿ?

ಉತ್ತರ: ಎರಡೂ ಸರಿ. ಇದನ್ನು ಬಾಯಿಪಾಠ ಮಾಡದೆ ಪ್ರಶ್ನಿಸಿದ್ದು ನನಗೆ ತುಂಬ ಸಂತೋಷ ತಂದಿದೆ, ಏಕೆಂದರೆ ಈ ವ್ಯವಸ್ಥೆಯ ಅತ್ಯಂತ ಸೊಗಸಾದ ಭಾಗ ಇದೇ.

ಈಸ್ಟ್ರೊಜೆನ್‌ಗಳಲ್ಲಿ ಮುಖ್ಯವಾದದ್ದು ಈಸ್ಟ್ರಡಯಾಲ್. ರಕ್ತದಲ್ಲಿ ಅದು ಸಾಧಾರಣ ಮಟ್ಟದಲ್ಲಿರುವಷ್ಟು ಕಾಲ, ಪಿಟ್ಯುಟರಿಗೆ ಆಜ್ಞೆ ಕೊಡುವ ಮಿದುಳಿನ ಭಾಗವಾದ ಹೈಪೋಥಲಾಮಸ್ ಮತ್ತು ಪಿಟ್ಯುಟರಿಗಳೆರಡನ್ನೂ ಹಿಡಿತದಲ್ಲಿಟ್ಟಿರುತ್ತದೆ. ಮಾಗಿದ ಕೋಶಕದಿಂದ ಬರುವ ಈಸ್ಟ್ರಡಯಾಲ್ ಮಿಲಿಲೀಟರಿಗೆ ಸುಮಾರು 200 ಪಿಕೊಗ್ರಾಂ ದಾಟಿ, ಎರಡು ದಿನಗಳಷ್ಟು ಕಾಲ ಆ ಎತ್ತರದಲ್ಲೇ ನಿಂತರೆ ಪರಿಣಾಮ ತಿರುವುಮುರುವಾಗುತ್ತದೆ. ತಡೆಯುತ್ತಿದ್ದ ಹಾರ್ಮೋನೇ ಪ್ರಚೋದಿಸತೊಡಗುತ್ತದೆ. ಮಟ್ಟ ಮಾತ್ರ ಏರಿದರೆ ಸಾಲದು, ಕಾಲವೂ ಕೂಡಿಬರಬೇಕು. ಅಷ್ಟು ಈಸ್ಟ್ರಡಯಾಲನ್ನು ಅಷ್ಟು ಹೊತ್ತು ಒದಗಿಸಲು ಸಾಧ್ಯವಾಗುವುದು ಚೆನ್ನಾಗಿ ಮಾಗಿದ ಕೋಶಕಕ್ಕೆ ಮಾತ್ರ. ಹಾಗಾಗಿ ಅಂಡ ಸಿದ್ಧವಾಗುವ ಮೊದಲೇ ಬಿಡುಗಡೆಯ ಆಜ್ಞೆ ಹೊರಡುವುದಿಲ್ಲ, ಮತ್ತು ಆ ದಿನವನ್ನು ನಿರ್ಧರಿಸುವುದು ಮಿದುಳಿಗಿಂತ ಹೆಚ್ಚಾಗಿ ಅಂಡಾಶಯ.

ಮೇಲಿನ ಹಂತದಲ್ಲಿಯೂ ಲಯದ್ದೇ ಆಟ. ಹೈಪೋಥಲಾಮಸ್‌ನ ಕೆಲವೇ ನರಕೋಶಗಳು ಹತ್ತು ಅಮೈನೊ ಆಮ್ಲಗಳ ಒಂದು ಚಿಕ್ಕ ಹಾರ್ಮೋನನ್ನು, ಅಂದರೆ ಜಿಎನ್‌ಆರ್‌ಎಚ್ ಅನ್ನು, ಪಿಟ್ಯುಟರಿಗೆ ನೇರವಾಗಿ ಒಯ್ಯುವ ರಕ್ತನಾಳಗಳಿಗೆ ಬಿಡುತ್ತವೆ. ಲಕ್ಷಾಂತರ ಹಂದಿ ಮತ್ತು ಕುರಿಗಳ ಹೈಪೋಥಲಾಮಸ್‌ಗಳನ್ನು ಅರೆದು ಶೋಧಿಸಿ ಇದರ ರಚನೆಯನ್ನು 1971ರ ಹೊತ್ತಿಗೆ ಬಿಡಿಸಿದವರು ಆಂಡ್ರ್ಯೂ ಶಾಲಿ ಮತ್ತು ರೋಜರ್ ಗಿಯೆಮಾಂ ಅವರ ಪ್ರತ್ಯೇಕ ತಂಡಗಳು. ಮಿದುಳಿನ ಇಂಥ ಹಾರ್ಮೋನುಗಳ ಸಂಶೋಧನೆಗಾಗಿ ಇಬ್ಬರಿಗೂ 1977ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಅದೇ ವರ್ಷ ಅವರೊಂದಿಗೆ ಪ್ರಶಸ್ತಿ ಹಂಚಿಕೊಂಡ ರೊಸಾಲಿನ್ ಯಾಲೊ, ರಕ್ತದಲ್ಲಿರುವ ಅತ್ಯಲ್ಪ ಹಾರ್ಮೋನನ್ನೂ ಅಳೆಯುವ ವಿಧಾನವನ್ನು ರೂಪಿಸಿದವರು.

ಜಿಎನ್‌ಆರ್‌ಎಚ್ ಸಿಕ್ಕಿದ ಮೇಲೆ ಅದನ್ನು ಎಡೆಬಿಡದೆ ಹರಿಸಿದರೆ ಎಲ್‌ಎಚ್, ಎಫ್‌ಎಸ್‌ಎಚ್‌ಗಳು ಹೇರಳವಾಗಿ ಬರುತ್ತವೆ ಎಂದು ಯಾರಿಗಾದರೂ ಅನ್ನಿಸಬಹುದು. ಅರ್ನ್‌ಸ್ಟ್ ನೋಬಿಲ್ ಮತ್ತು ಅವರ ಸಹೋದ್ಯೋಗಿಗಳು ರೀಸಸ್ ಕೋತಿಗಳ ಮೇಲೆ ನಡೆಸಿ 1978ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ತದ್ವಿರುದ್ಧವಾದದ್ದನ್ನು ತೋರಿಸಿತು. ಗಂಟೆಗೊಮ್ಮೆ ಕೆಲವು ನಿಮಿಷ ಮಾತ್ರ ಜಿಎನ್‌ಆರ್‌ಎಚ್ ಕೊಟ್ಟಾಗ ಪಿಟ್ಯುಟರಿ ಚೆನ್ನಾಗಿ ಕೆಲಸ ಮಾಡಿತು. ನಿರಂತರವಾಗಿ ಹರಿಸಿದಾಗ ಎಲ್‌ಎಚ್, ಎಫ್‌ಎಸ್‌ಎಚ್‌ಗಳೆರಡೂ ಕುಸಿದವು. ಮತ್ತೆ ಬಿಟ್ಟುಬಿಟ್ಟು ಕೊಟ್ಟಾಗ ಚೇತರಿಸಿಕೊಂಡವು. ಬಿಡುವಿಲ್ಲದ ಸಂದೇಶಕ್ಕೆ ಪಿಟ್ಯುಟರಿಯ ಕೋಶಗಳು ತಮ್ಮ ಗ್ರಾಹಕಗಳನ್ನು, ಅಂದರೆ ಹಾರ್ಮೋನಿನ ಸಂದೇಶವನ್ನು ಹಿಡಿಯುವ ಅಣುಗಳನ್ನು, ಒಳಕ್ಕೆಳೆದುಕೊಂಡು ಕಿವುಡಾಗಿಬಿಡುತ್ತವೆ. ಮನುಷ್ಯರಲ್ಲಿ ಚಕ್ರದ ಮೊದಲ ಭಾಗದಲ್ಲಿ ಹೀಗೆ ಬಿಟ್ಟುಬಿಟ್ಟು ಬರುವ ಜಿಎನ್‌ಆರ್‌ಎಚ್ ಮಿಡಿತ ಸುಮಾರು 60ರಿಂದ 90 ನಿಮಿಷಗಳಿಗೊಮ್ಮೆ ಇರುತ್ತದೆ, ಅಂಡ ಬಿಡುಗಡೆಯಾದ ಮೇಲೆ ಪ್ರೊಜೆಸ್ಟರಾನ್ ಪ್ರಭಾವದಿಂದ ಮೂರು ನಾಲ್ಕು ಗಂಟೆಗಳಿಗೊಮ್ಮೆ ಎಂಬಷ್ಟು ನಿಧಾನವಾಗುತ್ತದೆ. ಮಿಡಿತ ವೇಗವಾದರೆ ಎಲ್‌ಎಚ್‌ಗೆ ಒತ್ತು, ನಿಧಾನವಾದರೆ ಎಫ್‌ಎಸ್‌ಎಚ್‌ಗೆ ಒತ್ತು. ಒಂದೇ ಹಾರ್ಮೋನು ತನ್ನ ವೇಗವನ್ನು ಬದಲಿಸಿ ಎರಡು ಬೇರೆ ಹಾರ್ಮೋನುಗಳ ಪಾಲನ್ನು ಹೀಗೆ ಹಂಚುತ್ತದೆ.

ಇನ್ನೊಂದು ಮಾತು ನಿಮ್ಮ ಪಠ್ಯದಲ್ಲಿ ಇಲ್ಲದಿರಬಹುದು. ಈಸ್ಟ್ರೊಜೆನ್ ಸಂದೇಶವನ್ನು ಓದಿಕೊಳ್ಳುವ ಮುಖ್ಯ ಗ್ರಾಹಕ ಜಿಎನ್‌ಆರ್‌ಎಚ್ ನರಕೋಶಗಳಲ್ಲಿ ಇಲ್ಲ. ಅವುಗಳ ನೆರೆಯ ಬೇರೆ ನರಕೋಶಗಳು ಅದನ್ನು ಗ್ರಹಿಸಿ, ಕಿಸ್‌ಪೆಪ್ಟಿನ್ ಎಂಬ ವಸ್ತುವಿನ ಮೂಲಕ ದಾಟಿಸುತ್ತವೆ. ಕಿಸ್‌ಪೆಪ್ಟಿನ್‌ನ ಗ್ರಾಹಕದಲ್ಲಿ ದೋಷವಿದ್ದವರು ಹರೆಯಕ್ಕೇ ಬರುವುದಿಲ್ಲ ಎಂಬುದು 2003ರಲ್ಲಿ ತಿಳಿದುಬಂದ ಮೇಲೆ ಈ ಕೊಂಡಿಯ ಮಹತ್ವ ಎಲ್ಲರಿಗೂ ಮನವರಿಕೆಯಾಯಿತು.

ಪ್ರಶ್ನೆ: ನನಗೆ 29 ವರ್ಷ. ವ್ಯಾಯಾಮಶಾಲೆಯಲ್ಲಿ ಪರಿಚಯವಾದವರ ಸಲಹೆಯಂತೆ ಒಂದು ವರ್ಷದಿಂದ ಟೆಸ್ಟೋಸ್ಟೆರಾನ್ ಚುಚ್ಚುಮದ್ದು ತೆಗೆದುಕೊಳ್ಳುತ್ತಿದ್ದೇನೆ. ಮಗುವಾಗಲಿಲ್ಲವೆಂದು ಪರೀಕ್ಷೆ ಮಾಡಿಸಿದರೆ ವೀರ್ಯಾಣುಗಳೇ ಇಲ್ಲ ಎಂದು ಬಂದಿದೆ. ಗಂಡಸಿನ ಹಾರ್ಮೋನು ಹೆಚ್ಚಾದರೆ ವೀರ್ಯಾಣು ಹೆಚ್ಚಬೇಕಲ್ಲವೇ?

ಉತ್ತರ: ಹೆಚ್ಚುವುದಿಲ್ಲ, ನಿಲ್ಲುತ್ತದೆ. ಈ ತಿಳಿವಳಿಕೆ ಇಲ್ಲದೆ ಎಷ್ಟೋ ಯುವಕರು ನಿಮ್ಮ ಸ್ಥಿತಿಗೆ ಬರುತ್ತಿರುವುದು ನನಗೆ ತೀವ್ರ ಕಳವಳದ ವಿಷಯವಾಗಿದೆ.

ವೃಷಣದಲ್ಲಿ ಎರಡು ಬಗೆಯ ಕೋಶಗಳು ಜೊತೆಯಾಗಿ ದುಡಿಯುತ್ತವೆ. ಎಲ್‌ಎಚ್ ಆಜ್ಞೆಯಂತೆ ಲೇಡಿಗ್ ಕೋಶಗಳು ಟೆಸ್ಟೋಸ್ಟೆರಾನ್ ತಯಾರಿಸುತ್ತವೆ. ಎಫ್‌ಎಸ್‌ಎಚ್ ಮತ್ತು ಆ ಟೆಸ್ಟೋಸ್ಟೆರಾನ್ ಎರಡರ ನೆರವಿನಿಂದ ಸರ್ಟೋಲಿ ಕೋಶಗಳು ಬೆಳೆಯುವ ವೀರ್ಯಾಣುಗಳನ್ನು ಪೋಷಿಸುತ್ತವೆ. ವೀರ್ಯಾಣು ತಯಾರಾಗಲು ವೃಷಣದ ಒಳಗೆ ಟೆಸ್ಟೋಸ್ಟೆರಾನ್ ರಕ್ತದಲ್ಲಿರುವುದಕ್ಕಿಂತ ಹಲವು ಹತ್ತು ಪಟ್ಟು ಸಾಂದ್ರವಾಗಿರಬೇಕು, ಮತ್ತು ಅಷ್ಟು ಸಾಂದ್ರತೆ ಬರುವುದು ಅಲ್ಲೇ ತಯಾರಾದಾಗ ಮಾತ್ರ. ಹೊರಗಿನಿಂದ ಚುಚ್ಚಿಸಿಕೊಂಡ ಟೆಸ್ಟೋಸ್ಟೆರಾನ್ ರಕ್ತದಲ್ಲಿ ಏರಿದಾಗ, ದೇಹದಲ್ಲಿ ಬೇಕಾದಷ್ಟಿದೆ ಎಂದು ಹೈಪೋಥಲಾಮಸ್ ಮತ್ತು ಪಿಟ್ಯುಟರಿ ತಮ್ಮ ಆಜ್ಞೆಯನ್ನು ನಿಲ್ಲಿಸುತ್ತವೆ. ಎಲ್‌ಎಚ್ ಇಲ್ಲವಾದ್ದರಿಂದ ವೃಷಣದೊಳಗಿನ ತಯಾರಿಕೆ ನಿಲ್ಲುತ್ತದೆ. ರಕ್ತದ ವರದಿಯಲ್ಲಿ ಟೆಸ್ಟೋಸ್ಟೆರಾನ್ ತುಂಬಿತುಳುಕುತ್ತಿರುವಾಗಲೇ ವೃಷಣದ ಒಳಗೆ ಅದರ ಬರ ಬಿದ್ದಿರುತ್ತದೆ. ವೀರ್ಯಾಣು ಇಲ್ಲವಾಗುತ್ತದೆ, ವೃಷಣಗಳೂ ಕುಗ್ಗುತ್ತವೆ. ಈ ಪರಿಣಾಮ ಎಷ್ಟು ಬಲವಾದದ್ದೆಂದರೆ, ವಾರಕ್ಕೊಮ್ಮೆ 200 ಮಿಲಿಗ್ರಾಂ ಟೆಸ್ಟೋಸ್ಟೆರಾನ್ ಚುಚ್ಚುಮದ್ದನ್ನು ಪುರುಷರ ಗರ್ಭನಿರೋಧಕವಾಗಿ ಬಳಸಬಹುದೇ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹಲವು ದೇಶಗಳಲ್ಲಿ ಅಧ್ಯಯನ ನಡೆಸಿ, 1990ರ ದಶಕದಲ್ಲಿ ಫಲಿತಾಂಶ ಪ್ರಕಟಿಸಿದೆ.

ನಿಮ್ಮ ವಯಸ್ಸಿನಲ್ಲಿ ಬಹುತೇಕರು ಚೇತರಿಸಿಕೊಳ್ಳುತ್ತಾರೆ. ಒಂದು ವೀರ್ಯಾಣು ರೂಪುಗೊಳ್ಳಲು ಸುಮಾರು ಎರಡೂವರೆ ತಿಂಗಳು ಬೇಕು. ಅದಕ್ಕೆ ಮೊದಲು ಮಿದುಳಿನ ಆಜ್ಞೆ ಮರಳಬೇಕು. ಆದ್ದರಿಂದ ಆರು ತಿಂಗಳಿಂದ ಒಂದು ವರ್ಷ, ಕೆಲವರಲ್ಲಿ ಇನ್ನೂ ಹೆಚ್ಚು ಕಾಲ ಹಿಡಿಯಬಹುದು. ಚುಚ್ಚುಮದ್ದು ನಿಲ್ಲಿಸಿದ ಮೊದಲ ತಿಂಗಳುಗಳಲ್ಲಿ ಆಯಾಸ, ಮಂಕು, ಕಾಮಾಸಕ್ತಿಯ ಕೊರತೆ ಕಾಣಿಸಿಕೊಂಡು ಮತ್ತೆ ಅದರ ಕಡೆಗೇ ಮನಸ್ಸು ಹೊರಳುತ್ತದೆ. ಆದ್ದರಿಂದ ಅಂತಃಸ್ರಾವ ತಜ್ಞರ ಮೇಲ್ವಿಚಾರಣೆಯಲ್ಲಿ ನಿಲ್ಲಿಸಿ. ಎಲ್‌ಎಚ್‌ನಂತೆಯೇ ವರ್ತಿಸುವ ಎಚ್‌ಸಿಜಿ ಮೊದಲಾದ ಔಷಧಗಳು ಬೇಕೇ ಎಂಬುದನ್ನು ಅವರು ನಿರ್ಧರಿಸುತ್ತಾರೆ. ಎಷ್ಟು ಕಾಲ, ಯಾವ ಔಷಧ ತೆಗೆದುಕೊಂಡಿರಿ ಎಂಬುದನ್ನು ಮುಚ್ಚಿಡದೆ ಅವರಿಗೆ ಹೇಳಿ.

ಪ್ರಶ್ನೆ: ಈಸ್ಟ್ರೊಜೆನ್ ಹೆಣ್ಣಿನದು, ಟೆಸ್ಟೋಸ್ಟೆರಾನ್ ಗಂಡಿನದು ಎಂಬ ವಿಂಗಡಣೆ ನಿಜವೇ?

ಉತ್ತರ: ಪ್ರಮಾಣದಲ್ಲಿ ವ್ಯತ್ಯಾಸವಿದೆ, ಇರುವಿಕೆಯಲ್ಲಿ ಇಲ್ಲ. ಅಂಡಾಶಯದ ಕೋಶಕದಲ್ಲಿ ಒಂದು ಪದರ ಮೊದಲು ಪುರುಷ ಹಾರ್ಮೋನುಗಳನ್ನು ತಯಾರಿಸುತ್ತದೆ, ಅದರ ಒಳಗಿನ ಪದರ ಅರೊಮಟೇಸ್ ಎಂಬ ಕಿಣ್ವದ ನೆರವಿನಿಂದ ಅವನ್ನು ಈಸ್ಟ್ರೊಜೆನ್ ಆಗಿ ಮಾರ್ಪಡಿಸುತ್ತದೆ. ಗಂಡಸಿನ ದೇಹದಲ್ಲಿಯೂ ಟೆಸ್ಟೋಸ್ಟೆರಾನಿನ ಒಂದು ಭಾಗ ಹೀಗೆಯೇ ಈಸ್ಟ್ರೊಜೆನ್ ಆಗುತ್ತದೆ, ಮೂಳೆಯ ಬಲಕ್ಕೆ ಅದು ಬೇಕೇ ಬೇಕು. ಈಸ್ಟ್ರೊಜೆನ್ ಗ್ರಾಹಕವೇ ಕೆಲಸ ಮಾಡದ ಒಬ್ಬ ಯುವಕನ ವಿವರ 1994ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು: ಇಪ್ಪತ್ತು ದಾಟಿದ ಮೇಲೂ ಅವನ ಮೂಳೆಗಳ ತುದಿ ಕೂಡಿಕೊಳ್ಳದೆ ಎತ್ತರ ಹೆಚ್ಚುತ್ತಲೇ ಇತ್ತು, ಮೂಳೆಗಳು ಟೊಳ್ಳಾಗಿದ್ದವು.

ಪ್ರಶ್ನೆ: ಮಗುವಿಗೆ ನಾಲ್ಕು ತಿಂಗಳು, ಎದೆಹಾಲು ಕುಡಿಸುತ್ತಿದ್ದೇನೆ. ಇನ್ನೂ ಮುಟ್ಟಾಗಿಲ್ಲ. ಮುಟ್ಟು ಬರುವವರೆಗೆ ಗರ್ಭ ನಿಲ್ಲುವುದಿಲ್ಲ ಎಂದು ಮನೆಯ ಹಿರಿಯರು ಹೇಳುತ್ತಾರೆ. ನಂಬಬಹುದೇ?

ಉತ್ತರ: ಹಿರಿಯರ ಮಾತಿನಲ್ಲಿ ಸತ್ಯಾಂಶವಿದೆ, ಅದಕ್ಕೆ ಮಿತಿಯೂ ಇದೆ. ಮಗು ಹಾಲು ಚೀಪಿದಾಗ, ಎದೆಹಾಲು ತಯಾರಾಗಲು ಬೇಕಾದ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಏರುತ್ತದೆ, ಜಿಎನ್‌ಆರ್‌ಎಚ್ ಮಿಡಿತ ತಗ್ಗುತ್ತದೆ, ಅಂಡ ಮಾಗುವುದು ಮುಂದಕ್ಕೆ ಹೋಗುತ್ತದೆ. ಮಗುವಿಗೆ ಆರು ತಿಂಗಳು ತುಂಬಿರಬಾರದು, ಹಗಲೂ ರಾತ್ರಿಯೂ ಎದೆಹಾಲೇ ಅದರ ಆಹಾರವಾಗಿರಬೇಕು, ಮುಟ್ಟು ಮರಳಿರಬಾರದು. ಈ ಮೂರೂ ಒಟ್ಟಿಗೆ ಇದ್ದರೆ ಗರ್ಭ ನಿಲ್ಲುವ ಸಾಧ್ಯತೆ ಶೇಕಡಾ 2ಕ್ಕಿಂತ ಕಡಿಮೆ. ಯಾವುದಾದರೂ ಒಂದು ತಪ್ಪಿದರೂ ಈ ರಕ್ಷಣೆಯನ್ನು ನೆಚ್ಚಬೇಡಿ, ಏಕೆಂದರೆ ಅಂಡ ಮೊದಲು ಬಿಡುಗಡೆಯಾಗಿ ಮುಟ್ಟು ಆಮೇಲೆ ಬರುತ್ತದೆ. ಮುಟ್ಟನ್ನೇ ಕಾಯುತ್ತಾ ಕುಳಿತವರು ಅದು ಬರುವ ಮೊದಲೇ ಗರ್ಭಿಣಿಯಾಗಬಹುದು. ಪ್ರೊಜೆಸ್ಟರಾನ್ ಬಗೆಯ ಹಾರ್ಮೋನು ಮಾತ್ರವಿರುವ ಮಾತ್ರೆ ಅಥವಾ ತಾಮ್ರದ ವಂಕಿ ಹಾಲಿಗೆ ತೊಂದರೆ ಮಾಡುವುದಿಲ್ಲ. ಈಗಲೇ ವೈದ್ಯರೊಡನೆ ಮಾತನಾಡಿಕೊಳ್ಳಿ.

ಪ್ರಶ್ನೆ: ಏಳು ವರ್ಷದ ಮಗಳಿಗೆ ಸ್ತನಗಳು ಬೆಳೆಯುತ್ತಿವೆ, ಈ ಆರು ತಿಂಗಳಲ್ಲಿ ಎತ್ತರವೂ ಬೇಗ ಹೆಚ್ಚಿದೆ. ವೈದ್ಯರು ಹೇಳಿದ ಚುಚ್ಚುಮದ್ದಿನ ವಿವರ ಓದಿದರೆ, ಹರೆಯವನ್ನು ಆರಂಭಿಸುವ ಹಾರ್ಮೋನಿನಂಥದ್ದೇ ಎಂದಿದೆ. ಭಯವಾಗುತ್ತಿದೆ.

ಉತ್ತರ: ನಿಮ್ಮ ಭಯ ಸಹಜವಾದದ್ದು, ಆದರೆ ವೈದ್ಯರು ಸರಿಯಾಗಿಯೇ ಹೇಳಿದ್ದಾರೆ. ಜಿಎನ್‌ಆರ್‌ಎಚ್ ವ್ಯವಸ್ಥೆ ಗರ್ಭದಲ್ಲಿರುವಾಗ ಮತ್ತು ಹುಟ್ಟಿದ ಮೊದಲ ಕೆಲವು ತಿಂಗಳು ಎಚ್ಚರವಾಗಿದ್ದು, ಆಮೇಲೆ ವರ್ಷಗಟ್ಟಲೆ ಸುಮ್ಮನಾಗುತ್ತದೆ. ಹರೆಯ ಹತ್ತಿರವಾದಾಗ ಮೊದಲು ರಾತ್ರಿಯ ನಿದ್ದೆಯಲ್ಲಿ ಎಲ್‌ಎಚ್ ಮಿಡಿತಗಳು ಆರಂಭವಾಗಿ, ಕ್ರಮೇಣ ಹಗಲಿಗೂ ಹಬ್ಬುತ್ತವೆ. ಹುಡುಗಿಯರಲ್ಲಿ ಎಂಟು, ಹುಡುಗರಲ್ಲಿ ಒಂಬತ್ತು ವರ್ಷಕ್ಕೆ ಮೊದಲೇ ಹರೆಯದ ಗುರುತುಗಳು ಕಾಣಿಸಿದರೆ ಪರೀಕ್ಷೆ ಅಗತ್ಯ. ಹಾಗೆಯೇ ಬಿಟ್ಟರೆ ಮೂಳೆಗಳು ಬೇಗ ಮಾಗಿ ಕೊನೆಯ ಎತ್ತರ ತಗ್ಗಬಹುದು. ಇನ್ನೂ ಆಟವಾಡುವ ವಯಸ್ಸಿನ ಮಗುವಿಗೆ ಮುಟ್ಟಿನ ಹೊರೆಯೂ ಬೀಳುತ್ತದೆ.

ಈ ಚುಚ್ಚುಮದ್ದು ಜಿಎನ್‌ಆರ್‌ಎಚ್‌ನ ಬದಲಿ ರೂಪ. ಅದು ದೇಹದಲ್ಲಿ ಬಹಳ ಕಾಲ ಉಳಿಯುವುದರಿಂದ ಪಿಟ್ಯುಟರಿಗೆ ಬಿಡುವೇ ಸಿಗುವುದಿಲ್ಲ, ಮೇಲೆ ಹೇಳಿದ ಕೋತಿಗಳ ಪ್ರಯೋಗದಲ್ಲಿ ಆದಂತೆ ಎಲ್‌ಎಚ್, ಎಫ್‌ಎಸ್‌ಎಚ್ ನಿಲ್ಲುತ್ತವೆ. ಮೊದಲ ಡೋಸಿನ ನಂತರ ಕೆಲವು ದಿನ ಹಾರ್ಮೋನು ತುಸು ಏರಿ ಅಲ್ಪ ರಕ್ತಸ್ರಾವ ಆದರೂ ಆಗಬಹುದು. ಚಿಕಿತ್ಸೆ ನಿಲ್ಲಿಸಿದ ಮೇಲೆ ಹರೆಯ ತಾನಾಗಿ ಮುಂದುವರಿಯುತ್ತದೆ. ಚಿಕಿತ್ಸೆಗೆ ಮೊದಲು ಮೂಳೆಯ ವಯಸ್ಸು ತಿಳಿಯಲು ಕೈಯ ಎಕ್ಸ್‌ರೇ, ರಕ್ತಪರೀಕ್ಷೆ, ಕೆಲವೊಮ್ಮೆ ಮಿದುಳಿನ ಸ್ಕ್ಯಾನ್ ಬೇಕಾಗುತ್ತದೆ. ಮಗಳ ಎದುರಿಗೆ ಇದನ್ನು ನಾಚಿಕೆಯ ಸಂಗತಿಯಂತೆ ಪಿಸುಗುಟ್ಟಬೇಡಿ. ಅವಳಿಗೆ ಅರ್ಥವಾಗುವ ಮಾತಿನಲ್ಲಿ ನೇರವಾಗಿ ತಿಳಿಸಿ.

ಪ್ರಶ್ನೆ: ನನಗೆ 48 ವರ್ಷ. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಬರುತ್ತಿದೆ, ರಾತ್ರಿ ಮೈಯೆಲ್ಲ ಬಿಸಿಯಾಗಿ ಬೆವರುತ್ತದೆ. ಎಫ್‌ಎಸ್‌ಎಚ್ ಒಮ್ಮೆ ಬಹಳ ಹೆಚ್ಚು ಬಂತು, ಎರಡು ತಿಂಗಳ ನಂತರ ಮಾಮೂಲು ಎಂದು ಬಂತು. ಋತುಬಂಧವಾಗಿದೆಯೇ ಇಲ್ಲವೇ?

ಉತ್ತರ: ಅದರ ಹೊಸ್ತಿಲಲ್ಲಿದ್ದೀರಿ. ಕೋಶಕಗಳು ಕಡಿಮೆಯಾದಂತೆ ಇನ್‌ಹಿಬಿನ್ ಇಳಿದು ಎಫ್‌ಎಸ್‌ಎಚ್ ಏರುತ್ತದೆ. ಉಳಿದಿರುವ ಕೋಶಕವೊಂದು ಬೆಳೆಯತೊಡಗಿದರೆ ಅದೇ ಎಫ್‌ಎಸ್‌ಎಚ್ ಮತ್ತೆ ಇಳಿಯುತ್ತದೆ. ಎರಡು ವರದಿಗಳೂ ಆಯಾ ದಿನಕ್ಕೆ ನಿಜವೇ. 45 ದಾಟಿದವರಲ್ಲಿ ಋತುಬಂಧವನ್ನು ಗುರುತಿಸಲು ಸಾಮಾನ್ಯವಾಗಿ ಈ ಪರೀಕ್ಷೆ ಬೇಕಿಲ್ಲ: ಹನ್ನೆರಡು ತಿಂಗಳು ಸತತವಾಗಿ ಮುಟ್ಟು ಬಾರದಿದ್ದರೆ ಋತುಬಂಧವಾಗಿದೆ ಎಂದರ್ಥ. ಅಲ್ಲಿಯವರೆಗೆ ಆಗೊಮ್ಮೆ ಈಗೊಮ್ಮೆ ಅಂಡ ಬಿಡುಗಡೆಯಾಗುವುದರಿಂದ ಗರ್ಭ ನಿಲ್ಲುವ ಸಾಧ್ಯತೆ ಪೂರ್ತಿ ಇಲ್ಲವಾಗಿರುವುದಿಲ್ಲ.

ಬಿಸಿಯೇರುವುದು ಮನಸ್ಸಿನ ಭ್ರಮೆಯಲ್ಲ, ಯಾರಾದರೂ ಹಾಗೆಂದರೆ ಒಪ್ಪಬೇಡಿ. ಹೈಪೋಥಲಾಮಸ್‌ನಲ್ಲಿ ಕಿಸ್‌ಪೆಪ್ಟಿನ್ ಸ್ರವಿಸುವ ನರಕೋಶಗಳೇ ನ್ಯೂರೊಕೈನಿನ್ ಬಿ ಎಂಬ ಇನ್ನೊಂದು ವಸ್ತುವನ್ನೂ ಬಿಡುತ್ತವೆ. ಈಸ್ಟ್ರೊಜೆನ್ ಹಿಡಿತ ತಪ್ಪಿದಾಗ ಅವು ಅತಿಯಾಗಿ ಚುರುಕಾಗಿ, ಮೈಯ ಉಷ್ಣತೆಯನ್ನು ನಿಯಂತ್ರಿಸುವ ಕೇಂದ್ರವನ್ನು ಕೆಣಕುತ್ತವೆ. ಈ ಸಂದೇಶವನ್ನು ತಡೆಯುವ ಫೆಜೋಲಿನೆಟಂಟ್ ಎಂಬ ಔಷಧಕ್ಕೆ ಅಮೆರಿಕದಲ್ಲಿ 2023ರಲ್ಲಿ ಒಪ್ಪಿಗೆ ದೊರೆಯಿತು. ಅದನ್ನು ಬಳಸುವವರು ಯಕೃತ್ತಿನ ಪರೀಕ್ಷೆ ಮಾಡಿಸಿಕೊಳ್ಳುತ್ತಿರಬೇಕು. ಹೆಚ್ಚು ಪರಿಣಾಮಕಾರಿಯಾದದ್ದು ಇಂದಿಗೂ ಈಸ್ಟ್ರೊಜೆನ್ ಚಿಕಿತ್ಸೆಯೇ. ಅರವತ್ತರೊಳಗಿನ, ಸ್ತನ ಕ್ಯಾನ್ಸರ್ ಅಥವಾ ರಕ್ತ ಹೆಪ್ಪುಗಟ್ಟುವ ತೊಂದರೆ ಇಲ್ಲದ ಹೆಚ್ಚಿನವರಿಗೆ ಅಪಾಯಕ್ಕಿಂತ ಪ್ರಯೋಜನ ಹೆಚ್ಚು. ಗರ್ಭಕೋಶ ಇರುವವರು ಈಸ್ಟ್ರೊಜೆನ್ ಒಂದನ್ನೇ ತೆಗೆದುಕೊಳ್ಳಬಾರದು: ಅದು ಒಳಪದರವನ್ನು ಬೆಳೆಸುತ್ತಲೇ ಹೋಗುವುದರಿಂದ ಕ್ಯಾನ್ಸರಿನ ಸಾಧ್ಯತೆ ಹೆಚ್ಚುತ್ತದೆ, ಅದನ್ನು ತಡೆಯಲು ಜೊತೆಗೆ ಪ್ರೊಜೆಸ್ಟರಾನ್ ಬೇಕು. ಮುಟ್ಟು ನಿಂತು ಒಂದು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ, ನೋವಿಲ್ಲದಿದ್ದರೂ, ತಡಮಾಡದೆ ಸ್ತ್ರೀರೋಗ ತಜ್ಞರಿಗೆ ತೋರಿಸಿ.